ಆ ಪಿಟೀಲು ಅವನಿಗೆ ಕೇಳುತ್ತಾ?

ಹೋದ ವರ್ಷ ಬೇಸಿಗೆಯಲ್ಲಿ ನಾವು ನಾಲ್ಕು ಜನ ಸೇರಿ ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡಿದೆವು. 11 ನಿಮಿಷದ್ದು. ಕಥೆ ದೊಡ್ಡದೇನಲ್ಲ. ಮಾನ್ವಿ ಕಡೆಯ ಒಬ್ಬ ರೈತ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವನು. ನೆಲ್ಲು ಹಚ್ಚಿದ್ದಾನೆ, ಕಾಲುವೆಗೆ ನೀರು ಬರುತ್ತಿಲ್ಲ. ಕೊನೆ ಭಾಗ ಅಂದರೆ ಏನು ಅಂತ ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಒಂದೇ ಮಾತು: ಮುನಿರಾಬಾದಿನ ಹತ್ತಿರ ಡ್ಯಾಮಿನಿಂದ ಹೊರಟ ನೀರು ಗಂಗಾವತಿ, ಸಿಂಧನೂರು ಎಲ್ಲ ದಾಟಿ ಬರಬೇಕು, ಕಾಲುವೆ 200 ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ, ದಾರಿಯುದ್ದಕ್ಕೂ ಬಾಯಾರಿದ ಹೊಲಗಳೇ.

ಕೊನೆಯ ದೃಶ್ಯದಲ್ಲಿ ಆ ರೈತ ಒಣಗಿದ ಕಾಲುವೆಯ ಒಡ್ಡಿನ ಮೇಲೆ ಸುಮ್ನೆ ಕೂತಿರುತ್ತಾನೆ. 40 ಸೆಕೆಂಡ್. ಮಾತಿಲ್ಲ. ನಾವು ಅದರ ಕೆಳಗೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಪಿಟೀಲಿನ ಟ್ರ್ಯಾಕ್ ಹಾಕಿದೆವು. ನಮಗೇ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿದೆ ಅನಿಸಿತು.

ನಮ್ಮ ಸೋದರಮಾವ ಸಿಂಧನೂರಿನ ಒಂದು ಟಾಕೀಸಿನಲ್ಲಿ ಸುಮಾರು 30 ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಟಾಕೀಸು ಈಗ ಕಲ್ಯಾಣ ಮಂಟಪ ಆಗಿದೆ. ಅವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಪೂರ್ತಿ ನೋಡಿ, ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು:

"ಏನಪಾ ಅಳಿಯ, ಆ ಪಿಟೀಲು ಅವ್ನಿಗೆ ಕೇಳ್ತೈತೇನು?"

ನನಗೆ ನಗು ಬಂತು. "ಇಲ್ಲ ಮಾವ, ಅದು ನೋಡೋರಿಗೆ."

"ಮತ್ತ ಅವ್ನ ಕಿವಿಗೆ ಏನು ಕೇಳ್ತೈತಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದರೆ ಶೂಟಿಂಗ್ ದಿನ ಗಾಳಿ ಜೋರಾಗಿತ್ತು, ಮೊಬೈಲಿನ ಮೈಕಿನಲ್ಲಿ ಬರೀ ಬುರ್ರ್ ಅಂತ ಬಂದಿತ್ತು, ನಾವು ಆ ದೃಶ್ಯದ ಅಸಲಿ ಸದ್ದನ್ನೆಲ್ಲ ಮ್ಯೂಟ್ ಮಾಡಿ ಬಿಸಾಕಿದ್ದೆವು. ನಮ್ಮ ರೈತ ಆ 40 ಸೆಕೆಂಡ್ ಕಿವುಡ ಆಗಿದ್ದ.

ಮಾವ ಕೇಳಿದ ಈ ಎರಡು ಪ್ರಶ್ನೆಗಳಿಗೆ ಸಿನಿಮಾ ಓದಿದವರ ಕಡೆ ಎರಡು ಶಬ್ದಗಳಿವೆ. ಡೈಜೆಟಿಕ್, ನಾನ್-ಡೈಜೆಟಿಕ್. ಕೇಳಿದ ಕೂಡಲೇ ಹೊಟ್ಟೆಗೆ ಸಂಬಂಧಪಟ್ಟ ಕಾಯಿಲೆ ಇರಬೇಕು ಅನಿಸುತ್ತದೆ. ಹಾಗೇನಿಲ್ಲ. ಕಥೆಯ ಲೋಕದ ಒಳಗೆ ಹುಟ್ಟಿದ ಸದ್ದು ಡೈಜೆಟಿಕ್. ಆ ಲೋಕದಲ್ಲಿ ಇಲ್ಲದ, ನೋಡುವ ನಮ್ಮ ಕಿವಿಗೆ ಮಾತ್ರ ಅಂತ ಮೇಲಿಂದ ಸುರಿದ ಸದ್ದು ನಾನ್-ಡೈಜೆಟಿಕ್. ರೈತ ಕೆಮ್ಮಿದರೆ, ಎಮ್ಮೆ ಕೂಗಿದರೆ, ಬಸ್ಸು ಹಾರ್ನ್ ಹೊಡೆದರೆ ಅದು ಒಳಗಿನದು. ಪಿಟೀಲು ಹೊರಗಿನದು. ನಾನು ಇಲ್ಲಿ ಒಳಸದ್ದು, ಹೊರಸದ್ದು ಅಂತಲೇ ಬರೆಯುತ್ತೇನೆ, ನಾಲಿಗೆಗೆ ಆರಾಮ.

ಶಬ್ದದ ಮೂಲ ಗ್ರೀಕ್. ಡೈಜಿಸಿಸ್ ಅಂದರೆ ಹೇಳುವುದು, ಕಥನ. ಪ್ಲೇಟೋ ಆಗಲೇ ಕಥೆಯನ್ನು ಹೇಳುವುದು ಬೇರೆ, ಪಾತ್ರವಾಗಿ ಆಡಿ ತೋರಿಸುವುದು ಬೇರೆ ಅಂತ ಇಬ್ಭಾಗ ಮಾಡಿದ್ದ. 1950ರ ಹೊತ್ತಿಗೆ ಫ್ರಾನ್ಸಿನಲ್ಲಿ ಎತಿಯೆನ್ ಸೂರಿಯೋ ಮತ್ತು ಅವರ ಜೊತೆಗಾರರು ಈ ಶಬ್ದವನ್ನು ಸಿನಿಮಾಕ್ಕೆ ತಂದು, ಅರ್ಥವನ್ನು ಸ್ವಲ್ಪ ತಿರುಗಿಸಿ, ಕಥೆ ನಡೆಯುವ ಇಡೀ ಲೋಕ ಅನ್ನೋ ಅರ್ಥದಲ್ಲಿ ಬಳಸಿದರು. ಆಮೇಲೆ 1987ರಲ್ಲಿ ಅಮೆರಿಕದ ಕ್ಲೌಡಿಯಾ ಗಾರ್ಬ್‌ಮನ್ ಸಿನಿಮಾ ಸಂಗೀತದ ಬಗ್ಗೆ ಬರೆದ ಪುಸ್ತಕದಿಂದ ಇದು ಕ್ಲಾಸ್‌ರೂಮುಗಳಲ್ಲಿ ಗಟ್ಟಿಯಾಗಿ ಕೂತಿತು. ಇತಿಹಾಸ ಇಷ್ಟು ಸಾಕು.

ಇಷ್ಟೇನಾ ಅಂತ ಅನಿಸಬಹುದು. ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಇದನ್ನು ಓದಿಕೊಂಡ ಹೆಚ್ಚಿನವರು, ನಾನೂ ಸೇರಿ, ಮೊದಲು ಎಡವುವುದು ಒಂದೇ ಕಡೆ: ಸದ್ದು ಎಲ್ಲಿ ರೆಕಾರ್ಡ್ ಆಯಿತು ಅನ್ನುವುದರಿಂದ ಇದು ತೀರ್ಮಾನ ಆಗುತ್ತದೆ ಅಂದುಕೊಳ್ಳುತ್ತೇವೆ. ಶೂಟಿಂಗ್ ಜಾಗದಲ್ಲಿ ಹಿಡಿದದ್ದು ಒಳಸದ್ದು, ಸ್ಟುಡಿಯೋದಲ್ಲಿ ಸೇರಿಸಿದ್ದು ಹೊರಸದ್ದು ಅಂತ. ಅಲ್ಲವೇ ಅಲ್ಲ.

ನಮ್ಮ ಸಿನಿಮಾಗಳಲ್ಲಿ ಬಹಳ ಕಾಲ ಮಾತೆಲ್ಲ ಡಬ್ಬಿಂಗ್ ಥಿಯೇಟರಿನಲ್ಲೇ ಆಗುತ್ತಿತ್ತು, ಈಗಲೂ ಜಾಸ್ತಿ ಹಾಗೇ. ನಾಯಕ ಬಿಸಿಲಲ್ಲಿ ಕಲ್ಲುಬಂಡೆ ಮೇಲೆ ನಿಂತು ಕೂಗಿದ ಮಾತನ್ನು ತಿಂಗಳುಗಟ್ಟಲೆ ಆದ ಮೇಲೆ ಎ.ಸಿ. ರೂಮಿನಲ್ಲಿ ಮೈಕಿನ ಮುಂದೆ ಕೂತು ಹೇಳಿರುತ್ತಾರೆ, ಕೆಲವು ಸಲ ಹೇಳಿದವರು ಆ ನಟನೇ ಅಲ್ಲ. ಆದರೂ ಅದು ಅಪ್ಪಟ ಒಳಸದ್ದು. ಕಥೆಯಲ್ಲಿ ಎದುರು ನಿಂತ ವಿಲನ್‌ಗೆ ಆ ಮಾತು ಕೇಳುತ್ತದೆ, ಅಷ್ಟು ಸಾಕು. ಹೆಜ್ಜೆ ಸಪ್ಪಳ, ಬಳೆ ಸದ್ದು, ಬಾಗಿಲ ಕಿರ್ರ್ ಎಲ್ಲವನ್ನೂ ಪರದೆ ನೋಡುತ್ತಾ ಮತ್ತೆ ಹುಟ್ಟಿಸುವ ಕೆಲಸಕ್ಕೆ ಫೋಲಿ ಅನ್ನುತ್ತಾರೆ. ಹಾಲಿವುಡ್ಡಿನಲ್ಲಿ ಈ ಕೆಲಸ ಶುರು ಮಾಡಿದವರಲ್ಲಿ ಮುಖ್ಯನಾದ ಜ್ಯಾಕ್ ಫೋಲಿಯ ಹೆಸರೇ ಕಸುಬಿಗೆ ಅಂಟಿಕೊಂಡಿತು. ಹಿಮದ ಮೇಲೆ ನಡೆಯುವ ಸದ್ದಿಗೆ ಈ ಕಸುಬಿನವರು ಚೀಲದಲ್ಲಿ ತುಂಬಿದ ಕಾರ್ನ್‌ಸ್ಟಾರ್ಚ್ ಹಿಟ್ಟನ್ನು ಒತ್ತುತ್ತಾರೆ, ಎಲುಬು ಮುರಿಯುವ ಸದ್ದಿಗೆ ಸೆಲರಿ ಅನ್ನೋ ತರಕಾರಿಯ ದಂಟು ಮುರಿಯುತ್ತಾರೆ. ನಮ್ಮ ಚಿತ್ರದಲ್ಲಿ ರೈತ ಒಣಗಿದ ಗರಿಕೆ ತುಳಿಯುವ ಸದ್ದಿಗೆ ನಾವು ಮನೆ ಹಿಂದೆ ದನಕ್ಕೆ ಒಟ್ಟಿದ್ದ ಜೋಳದ ಸಪ್ಪೆಯನ್ನು ಮೊಬೈಲಿನ ಹತ್ತಿರ ಹಿಡಿದು ಹಿಚುಕಿದೆವು. ನಿಜವಾದ ಗರಿಕೆಗಿಂತ ಚೆನ್ನಾಗಿ ಬಂತು. ಅದು ಸುಳ್ಳು ಸದ್ದು, ಆದರೆ ಒಳಸದ್ದು.

ಉಲ್ಟಾ ಉದಾಹರಣೆ ಇನ್ನೂ ಮಜವಾಗಿದೆ. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ ಆಲಂ ಆರಾ ಬಂದಾಗ ಆಮೇಲೆ ಸದ್ದು ಸೇರಿಸುವ ಸೌಕರ್ಯ ಇರಲಿಲ್ಲ. ಮಾತು, ಹಾಡು, ವಾದ್ಯ ಎಲ್ಲ ಶೂಟಿಂಗ್ ಮಾಡುತ್ತಲೇ ಒಟ್ಟಿಗೆ ಹಿಡಿಯಬೇಕು. ಸ್ಟುಡಿಯೋ ರೈಲು ಹಳಿಯ ಪಕ್ಕ ಇದ್ದದ್ದರಿಂದ ರೈಲು ನಿಂತ ಮೇಲೆ ರಾತ್ರಿ ಹೊತ್ತೇ ಹೆಚ್ಚು ಶೂಟಿಂಗ್. ವಾದ್ಯದವರು ಕ್ಯಾಮೆರಾಗೆ ಕಾಣದ ಹಾಗೆ ಅಡಗಿ ಕೂತು ನುಡಿಸುತ್ತಿದ್ದರು. ಅಂದರೆ ನಟಿಗೂ ವಾದ್ಯದವನಿಗೂ ಕೆಲವೇ ಗಜದ ದೂರ. ಅವಳ ಎರಡೂ ಕಿವಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೆ ಕಥೆಯ ರಾಜಮಹಲಿನಲ್ಲಿ ಅಂಥ ವಾದ್ಯದವನು ಯಾರೂ ಇರಲಿಲ್ಲ. ನಟಿಗೆ ಕೇಳಿದರೂ ಪಾತ್ರದ ಲೋಕದಲ್ಲಿ ಅವನಿಲ್ಲ, ಹಾಗಾಗಿ ಅದು ಹೊರಸದ್ದು.

ಇದನ್ನು ಮಾವನಿಗೆ ಹೇಳಿದಾಗ ಅವರು ಇದಕ್ಕಿಂತ ಒಳ್ಳೆಯ ಮಾತು ಹೇಳಿದರು. ಅವರ ಕಾಲದ 35 ಎಂಎಂ ರೀಲಿನ ಒಂದು ಅಂಚಿನಲ್ಲಿ, ಚಿತ್ರದ ಚೌಕಗಳಿಗೂ ತೂತುಗಳಿಗೂ ನಡುವೆ, ಕೂದಲಿನ ಹಾಗೆ ಅಲುಗಾಡುವ ಒಂದು ಗೆರೆ ಇರುತ್ತಿತ್ತು. ಅದೇ ಸೌಂಡು. ಪ್ರೊಜೆಕ್ಟರಿನೊಳಗೆ ಎಕ್ಸೈಟರ್ ಲ್ಯಾಂಪ್ ಅನ್ನೋ ಸಣ್ಣ ದೀಪದ ಬೆಳಕು ಆ ಗೆರೆಯ ಮೂಲಕ ಹಾದು ಹೋಗಿ ಆಚೆ ಬದಿಯಲ್ಲಿ ಬೆಳಕನ್ನು ಕರೆಂಟ್ ಮಾಡುವ ಸೆಲ್‌ಗೆ ಬೀಳುತ್ತದೆ, ಗೆರೆ ದಪ್ಪ ಸಣ್ಣ ಆದಂತೆ ಬೆಳಕು ಜಾಸ್ತಿ ಕಡಿಮೆ ಆಗುತ್ತದೆ, ಅದೇ ಸ್ಪೀಕರಿಗೆ ಹೋಗಿ ದನಿಯಾಗುತ್ತದೆ. ಬೆಳಕಿನ ಮುಂದೆ ಚಿತ್ರ ನಿಂತಾಗ ಅದರ ಸದ್ದು ಸುಮಾರು 20 ಫ್ರೇಮ್ ಮುಂದೆ ಇರುತ್ತದಂತೆ, ರೀಲು ಏರಿಸುವಾಗ ಲೂಪು, ಅಂದರೆ ನಡುವೆ ಸಡಿಲ ಬಿಡುವ ಸುತ್ತು, ಸ್ವಲ್ಪ ದೊಡ್ಡದಾದರೂ ತುಟಿ ಮೊದಲು, ಮಾತು ಆಮೇಲೆ, ಕೆಳಗೆ ಗಾಂಧಿ ಕ್ಲಾಸಿನಿಂದ ಸೀಟಿ. "ಆ ಒಂದ ಗೆರಿಯೊಳಗ ಹೀರೋಯಿನ್ ಅಳೂದೂ ಇರ್ತಿತ್ತು, ಪಿಟೀಲೂ ಇರ್ತಿತ್ತು. ರೀಲಿಗೆ ಏನ್ ಗೊತ್ತು ಯಾವ್ದು ಒಳಗಿಂದು, ಯಾವ್ದು ಹೊರಗಿಂದು?" ಅಂದರು.

ಹೌದಲ್ಲ. ಯಂತ್ರಕ್ಕೆ ಗೊತ್ತಿಲ್ಲ, ಮೈಕಿಗೆ ಗೊತ್ತಿಲ್ಲ. ಈ ಭೇದ ಇರುವುದು ಕಥೆಯಲ್ಲಿ, ಅದನ್ನು ಹಿಡಿಯುವುದು ನೋಡುವವನ ತಲೆ. ಏಳು ವರ್ಷದ ಹುಡುಗನಿಗೂ ಯಾರೂ ಹೇಳಿಕೊಡದೆ ಇದು ಗೊತ್ತಿರುತ್ತದೆ: ದೆವ್ವದ ಸಿನಿಮಾದಲ್ಲಿ ಗುಂಯ್ ಅನ್ನೋ ಸಂಗೀತ ಬಂದಾಗ, ಅಯ್ಯೋ ಅವಳಿಗೆ ಕೇಳ್ತಾ ಇಲ್ಲ, ಅವಳು ಆ ಬಾಗಿಲು ತೆಗೀತಾಳೆ ಅಂತ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಅವಳಿಗೆ ಕೇಳದೆ ಇರುವುದಕ್ಕೇ ಭಯ.

ಎರಡನೇ ಎಡವಟ್ಟು, ಪರದೆ ಮೇಲೆ ಕಂಡರೆ ಒಳಗಿನದು, ಕಾಣದಿದ್ದರೆ ಹೊರಗಿನದು ಅನ್ನುವುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯುನಿಟ್ ನೆನಪಿಸಿಕೊಳ್ಳಿ. ಕ್ಯಾಮೆರಾ ಒಬ್ಬ ಹೆಂಗಸಿನ ಮುಖ ಬಿಟ್ಟು ಆಚೀಚೆ ಹೋಗುವುದೇ ಇಲ್ಲ. ಆದರೆ ಇಪ್ಪತ್ತು ಮೆಷಿನ್ನಿನ ಕಟಕಟ ಕೇಳುತ್ತಿದೆ, ಮೂಲೆಯಲ್ಲಿ ಯಾರದೋ ಮೊಬೈಲಿನಲ್ಲಿ ಹಾಡು, ಹೊರಗೆ ಆಟೋ. ಒಂದೂ ಕಾಣುತ್ತಿಲ್ಲ, ಎಲ್ಲವೂ ಒಳಸದ್ದೇ. ನಿಜ ಹೇಳಬೇಕು ಅಂದರೆ ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಇಪ್ಪತ್ತು ಮೆಷಿನ್ ಬಾಡಿಗೆ ತರುವುದು ಬೇಡ, ಒಂದು ಮೆಷಿನ್, ಒಂದು ಗೋಡೆ, ಉಳಿದದ್ದನ್ನು ಸದ್ದು ಕಟ್ಟಿಕೊಡುತ್ತದೆ. ಆಮೇಲೆ ಆ ಕಟಕಟ ಒಮ್ಮೆಲೇ ನಿಂತು ಹೋಗಲಿ. ಕರೆಂಟ್ ಹೋಯಿತಾ, ಮಾಲೀಕ ಬಂದನಾ, ಯಾರಿಗೋ ಏನೋ ಆಯಿತಾ? ಅವಳು ತಲೆ ಎತ್ತುತ್ತಾಳೆ. ಒಂದು ಸಂಭಾಷಣೆ ಬರೆಯದೆ ಕಥೆ ಮುಂದೆ ಹೋಯಿತು. ಇದನ್ನು ಪಿಟೀಲಿನಿಂದ ಮಾಡಲು ಆಗುವುದಿಲ್ಲ, ಯಾಕಂದರೆ ಪಿಟೀಲು ನಿಂತದ್ದು ಅವಳಿಗೆ ಗೊತ್ತೇ ಆಗುವುದಿಲ್ಲ.

ದನಿಯಲ್ಲಿ ಬರುವ ನಿರೂಪಣೆ? "ಒಂದಾನೊಂದು ಊರಿನಲ್ಲಿ" ಅಂತ ಕಥೆಗೆ ಸಂಬಂಧವಿಲ್ಲದ ಒಬ್ಬರು ಹೇಳಿದರೆ ಹೊರಸದ್ದು. ಪಾತ್ರ ಮನಸ್ಸಿನಲ್ಲೇ ಮಾತಾಡಿಕೊಂಡರೆ ಅವಳಿಗೆ ಮಾತ್ರ ಕೇಳುತ್ತದೆ, ಪಕ್ಕದಲ್ಲಿ ಕೂತ ಗಂಡನಿಗೆ ಇಲ್ಲ, ಆದರೂ ಕಥೆಯ ಒಳಗಿನದೇ. ಕೊಪ್ಪಳ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಸ್ಫೋಟ ಆಗಿ, ಒಬ್ಬನ ಕಿವಿಯಲ್ಲಿ ಬರೀ ಸುಂಯ್ ಅನ್ನುವ ದನಿ ಉಳಿದು, ಎದುರಿನವರು ಬಾಯಿ ಆಡಿಸುವುದು ಮಾತ್ರ ಕಂಡರೆ? ಆಗ ಒಳಗಿನ ಇನ್ನೂ ಒಳಗೆ ಹೋದ ಹಾಗಾಯಿತು, ನಾವು ಅವನ ಕಿವಿಯನ್ನೇ ಕಡ ತಗೊಂಡು ಕೇಳುತ್ತಿದ್ದೇವೆ. ಗಾರ್ಬ್‌ಮನ್ ಇಂಥದ್ದಕ್ಕೆ ಮೆಟಾ-ಡೈಜೆಟಿಕ್ ಅಂತ ಮೂರನೇ ಒಂದು ಹೆಸರು ಇಟ್ಟರು. ಹೆಸರು ಮರೆತರೂ ನಡೆಯುತ್ತದೆ.

ಈಗ ನಮ್ಮ ತಲೆನೋವಿಗೆ ಬರೋಣ. ಹಾಡು.

ಹಂಪಿಯ ಬಂಡೆ ಮೇಲೆ ನಾಯಕ ಹಾಡುತ್ತಾನೆ. ಪಕ್ಕದಲ್ಲಿ ನಾಯಕಿ. ತಬಲ, ಕೊಳಲು, ಮೂವತ್ತು ಪಿಟೀಲು. ನದಿ ಆಚೆ ಈಚೆ ಒಬ್ಬ ವಾದ್ಯದವನೂ ಇಲ್ಲ. ಹಾಗಾದರೆ ವಾದ್ಯ ಹೊರಸದ್ದು ಅನ್ನೋಣ, ಹಾಡಿನ ಮಾತು ಒಳಸದ್ದು ಅನ್ನೋಣ, ಯಾಕಂದರೆ ನಾಯಕಿ ಎರಡನೇ ಸಾಲಿಗೆ ಉತ್ತರ ಕೊಡುತ್ತಾಳೆ. ಆದರೆ ತಡೀರಿ, ಅವಳು ತಬಲಾದ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದಾಳಲ್ಲ? ಕೇಳದಿದ್ದರೆ ಹೇಗೆ ಹಾಕಿದಳು? ನಡುವೆ ಸೀರೆ ಬಣ್ಣ ನಾಲ್ಕು ಸಲ ಬದಲಾಯಿತು, ಅದನ್ನು ಯಾರೂ ಕೇಳುವುದಿಲ್ಲ ಬಿಡಿ. ಹಾಡು ಮುಗಿದ ಕೂಡಲೇ ಅವರಿಬ್ಬರೂ ಏನೂ ಆಗಿಲ್ಲವೆಂಬಂತೆ ಮಾತಿಗೆ ಮರಳುತ್ತಾರೆ.

ಅಮೆರಿಕದ ಮ್ಯೂಸಿಕಲ್ ಚಿತ್ರಗಳ ಬಗ್ಗೆ ಬರೆದ ರಿಕ್ ಆಲ್ಟ್‌ಮನ್ ಇದಕ್ಕೆ ಆಡಿಯೋ ಡಿಸಾಲ್ವ್ ಅನ್ನುತ್ತಾರೆ. ಮೊದಲು ಪಾತ್ರ ಸುಮ್ನೆ ಗುನುಗುತ್ತದೆ, ಆಮೇಲೆ ಮೆಲ್ಲಗೆ ಎಲ್ಲಿಂದಲೋ ವಾದ್ಯ ಸೇರಿಕೊಳ್ಳುತ್ತದೆ, ಗೊತ್ತಾಗುವಷ್ಟರಲ್ಲಿ ಒಳಗೂ ಹೊರಗೂ ಕರಗಿ ಒಂದಾಗಿರುತ್ತವೆ. ಅವರ ಮಾತು ಸರಿ. ಆದರೆ ನಮಗೆ ಇದನ್ನು ಕಲಿಸಿದ್ದು ಸಿನಿಮಾ ಅಲ್ಲ ಅಂತ ನನ್ನ ವಾದ. ಕಂಪನಿ ನಾಟಕ ನೋಡಿದವರನ್ನು ಕೇಳಿ. ಹಾರ್ಮೋನಿಯಂ ಮಾಸ್ತರರು ರಂಗದ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತಾರೆ. ಪಾತ್ರ ಅಳುತ್ತಾ ಅಳುತ್ತಾ ಅವರ ಕಡೆ ಒಂದು ಕಣ್ಣು ಹಾಯಿಸಿ ಶ್ರುತಿ ತಗೊಂಡು ಹಾಡಿಗೆ ಏರುತ್ತದೆ. ಜನ ಒನ್ಸ್ ಮೋರ್ ಅಂತ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ಹೇಳುತ್ತಿರುತ್ತಾರೆ. ಒಳಗು ಹೊರಗು ಅನ್ನೋ ಗೋಡೆ ಇದೆ ಅಂತ ಜನಕ್ಕೆ ಗೊತ್ತು, ಹಾಡಿನ ಹೊತ್ತಿಗೆ ಅದನ್ನು ಸರಿಸಿ ಇಡಬೇಕು ಅಂತಲೂ ಗೊತ್ತು.

ಇನ್ನೂ ಹಿಂದೆ ಹೋದರೆ ತೊಗಲುಗೊಂಬೆ ಆಟ. ನಮ್ಮ ಕಡೆ ಇದರ ದೊಡ್ಡ ಕಲಾವಿದರು ಆಗಿಹೋಗಿದ್ದಾರೆ. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, 90 ದಾಟಿದ ವಯಸ್ಸಿನಲ್ಲಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಆಟ ನೋಡಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ನಾನು ಸಣ್ಣವನಿದ್ದಾಗ ಒಂದು ಜಾತ್ರೆಯಲ್ಲಿ ಪರದೆಯ ಮುಂದೆ ಕೂತು ಬೇಸರ ಬಂದು ಹಿಂದುಗಡೆ ಹೋಗಿ ಇಣುಕಿದ್ದೆ. ಅಲ್ಲಿ ಒಬ್ಬ ಮುದುಕ ಎರಡು ಕೈಯಲ್ಲಿ ಎರಡು ಗೊಂಬೆ ಹಿಡಿದು ಒಂದಕ್ಕೆ ಗಡಸು ದನಿ, ಒಂದಕ್ಕೆ ಹೆಣ್ಣು ದನಿ ಕೊಡುತ್ತಿದ್ದ. ಪಕ್ಕದಲ್ಲಿ ಒಬ್ಬ ಹಾರ್ಮೋನಿಯಂ, ಒಬ್ಬ ಮದ್ದಲೆ. ಗೊಂಬೆಗಳು ಹೊಡೆದಾಡುವಾಗ ಆ ಮುದುಕನೇ ಕಾಲಿನಿಂದ ನೆಲ ಧಡಧಡ ತುಳಿಯುತ್ತಿದ್ದ. ಎಲ್ಲ ಸದ್ದೂ ಎರಡು ಮಾರು ಜಾಗದಲ್ಲಿ, ಅದೇ ಮೂರು ಜನರಿಂದ. ಓಡಿ ಮುಂದೆ ಬಂದು ಕೂತರೆ ಸದ್ದುಗಳು ತಾವಾಗಿಯೇ ಬೇರೆ ಬೇರೆ ಆದವು: ಧಡಧಡ ಯುದ್ಧಭೂಮಿಯದು, ಗಡಸು ದನಿ ರಾವಣನದು, ಹಾರ್ಮೋನಿಯಂ ಮಾತ್ರ ಯಾರದೂ ಅಲ್ಲ, ನಮ್ಮದು. ರೀಲಿನ ಆ ಗೆರೆಯ ಕಥೆಯೇ ಇಲ್ಲೂ. ಮತ್ತೆ ಅದರಲ್ಲಿ ಕಿಳ್ಳೇಕ್ಯಾತ ಅಂತ ಹಾಸ್ಯದ ಗೊಂಬೆ ಬರುತ್ತದಲ್ಲ, ಅದು ನೋಡುವವರನ್ನೇ ಮಾತಾಡಿಸುತ್ತದೆ, ಊರಿನ ಸುದ್ದಿ ಎತ್ತುತ್ತದೆ, ಮದ್ದಲೆಯವನಿಗೆ ಬೈಯುತ್ತದೆ. ರಾವಣನಿಗೆ ಕೇಳದ ಮದ್ದಲೆ ಅದಕ್ಕೆ ಕೇಳುತ್ತದೆ!

ಇದೇ ತಮಾಷೆಯನ್ನು 1974ರ ಬ್ಲೇಜಿಂಗ್ ಸ್ಯಾಡಲ್ಸ್ ಅನ್ನೋ ಅಮೆರಿಕನ್ ಹಾಸ್ಯಚಿತ್ರ ಮಾಡಿತು. ಕುದುರೆ ಏರಿದ ಶೆರಿಫ್ ಮರಳುಗಾಡಿನಲ್ಲಿ ಬರುತ್ತಿದ್ದಾನೆ, ಹಿಂದೆ ಗಮ್ಮತ್ತಾದ ಬ್ಯಾಂಡ್ ಸಂಗೀತ, ನಾವು ಎಂದಿನಂತೆ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಅಂದುಕೊಂಡು ಕೂತಿರುತ್ತೇವೆ. ಕ್ಯಾಮೆರಾ ಸ್ವಲ್ಪ ಸರಿದರೆ ಆ ಮರಳುಗಾಡಿನ ನಡುವೆಯೇ ಹೆಸರಾಂತ ಜ್ಯಾಝ್ ಸಂಗೀತಗಾರ ಕೌಂಟ್ ಬೇಸಿ ತನ್ನ ಇಡೀ ವಾದ್ಯತಂಡದ ಜೊತೆ ಕೂತು ನುಡಿಸುತ್ತಿದ್ದಾನೆ, ಶೆರಿಫ್ ಹೋಗಿ ಕೈ ಕುಲುಕುತ್ತಾನೆ. ಹೊರಸದ್ದು ಅಂದುಕೊಂಡದ್ದು ಒಳಗೆ ಬಿತ್ತು.

ಇಂಥ ಗಡಿ ದಾಟುವಿಕೆ ತಮಾಷೆಗೆ ಮಾತ್ರ ಅಲ್ಲ. ನಾನು ಮಾಡಬೇಕು ಅಂತ ಇಟ್ಟುಕೊಂಡಿರುವ ಒಂದು ದೃಶ್ಯ ಹೇಳುತ್ತೇನೆ. ನಮ್ಮ ಕಡೆ ಮೊಹರಂ ಅಂದರೆ ಜಾತಿ ಧರ್ಮ ನೋಡದೆ ಇಡೀ ಊರು ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಸುತ್ತ ಸೇರುತ್ತದೆ. ಹಲಗೆ ಬಡಿತ ಎದೆಗೆ ಬಂದು ಹೊಡೆಯುತ್ತದೆ. ಹುಡುಗ ಆ ಗುಂಪಿನಲ್ಲಿದ್ದಾನೆ. ಮನೆಯಲ್ಲಿ ಜಗಳ ಆಗಿ ಬೆಂಗಳೂರಿಗೆ ಹೊರಟಿದ್ದಾನೆ, ಬ್ಯಾಗು ಹೆಗಲಿಗೆ. ಅವನು ಗುಂಪಿನಿಂದ ಹೊರಗೆ ಬರುತ್ತಾನೆ, ಹಲಗೆ ಸ್ವಲ್ಪ ಸಣ್ಣದಾಗುತ್ತದೆ, ಸರಿ. ಓಣಿ ತಿರುಗುತ್ತಾನೆ, ಇನ್ನೂ ಸಣ್ಣ. ಬಸ್ ಸ್ಟ್ಯಾಂಡಿಗೆ ಬಂದ, ಬಸ್ ಹತ್ತಿದ, ಬಸ್ ಊರು ದಾಟಿತು. ಈಗ ಹಲಗೆ ಕೇಳಬಾರದು. ಆದರೆ ಮತ್ತೆ ಮೆಲ್ಲಗೆ ಏಳುತ್ತದೆ, ಬಸ್ಸಿನ ಸದ್ದನ್ನೂ ಮುಚ್ಚುತ್ತದೆ. ಅದೇ ಬಡಿತ, ಅದೇ ಕೈ. ಈಗ ಅದು ಊರಿನದಾ, ಅವನ ತಲೆಯೊಳಗಿನದಾ, ನಮಗಾಗಿ ಹಾಕಿದ ಬಿಜಿಎಮ್ಮಾ? ಮೂರೂ ಹೌದು. ರಾಬಿನ್ ಸ್ಟಿಲ್ವೆಲ್ ಅನ್ನೋ ವಿದ್ವಾಂಸೆ 2007ರಲ್ಲಿ ಈ ನಡುವಿನ ಜಾಗಕ್ಕೆ ಫ್ಯಾಂಟಾಸ್ಟಿಕಲ್ ಗ್ಯಾಪ್ ಅಂತ ಕರೆದರು. ಒಳಗು ಹೊರಗು ಎರಡು ಕೋಣೆ ಅಂದುಕೊಂಡರೆ, ಇದು ಹೊಸ್ತಿಲು. ಹೊಸ್ತಿಲ ಮೇಲೆ ಸದ್ದು ಕಾಲಿಟ್ಟ ಕ್ಷಣದಲ್ಲೇ ನೋಡುವವನ ಮೈ ಜುಂ ಅನ್ನುವುದು.

ಒಳಸದ್ದೇ ಕಥೆಯನ್ನು ಹೊತ್ತು ನಡೆದ ಹಳೆಯ ಉದಾಹರಣೆ ಫ್ರಿಟ್ಜ್ ಲಾಂಗ್ 1931ರಲ್ಲಿ ಮಾಡಿದ ಎಂ ಅನ್ನೋ ಜರ್ಮನ್ ಚಿತ್ರ. ಮಕ್ಕಳನ್ನು ಕೊಲ್ಲುವವನು ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ರಾಗವನ್ನು ಸಿಳ್ಳೆ ಹಾಕುತ್ತಾನೆ. ಬಲೂನು ಮಾರುವ ಕುರುಡನೊಬ್ಬ ಆ ಸಿಳ್ಳೆಯಿಂದಲೇ ಅವನನ್ನು ಗುರುತಿಸುತ್ತಾನೆ. ಅದೇ ರಾಗವನ್ನು ಹಿನ್ನೆಲೆ ವಾದ್ಯದಲ್ಲಿ ನುಡಿಸಿದ್ದರೆ ಕುರುಡನಿಗೆ ಕೇಳುತ್ತಿರಲಿಲ್ಲ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಟ ಪೀಟರ್ ಲೋರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲವಂತೆ, ನಿರ್ದೇಶಕರೇ ಹಾಕಿದ್ದು. ಬಾಯಿ ಒಬ್ಬನದು, ಸಿಳ್ಳೆ ಇನ್ನೊಬ್ಬನದು, ಆದರೂ ಒಳಸದ್ದು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ.

ಹಾಗಾದರೆ ಹೊರಸದ್ದು ಮೋಸ, ಅದನ್ನು ತೆಗೆದು ಬಿಸಾಕಬೇಕಾ? ಕೆಲವರು ಹಾಗೆ ಪಣ ತೊಟ್ಟರು. 1995ರಲ್ಲಿ ಡೆನ್ಮಾರ್ಕಿನ ನಿರ್ದೇಶಕರಾದ ಲಾರ್ಸ್ ವಾನ್ ಟ್ರಯರ್, ಥಾಮಸ್ ವಿಂಟರ್‌ಬರ್ಗ್ ಸೇರಿ ಡಾಗ್ಮ 95 ಅಂತ ಹತ್ತು ನಿಯಮ ಬರೆದರು. ಅದರಲ್ಲಿ ಒಂದು: ದೃಶ್ಯ ತೆಗೆಯುವ ಜಾಗದಲ್ಲೇ ಸಂಗೀತ ನಡೆಯುತ್ತಿದ್ದರೆ ಮಾತ್ರ ಇಟ್ಟುಕೊಳ್ಳಬಹುದು, ಆಮೇಲೆ ತಂದು ಸೇರಿಸುವ ಹಾಗಿಲ್ಲ. ಅದಕ್ಕೂ ಮುಂಚೆ 1963ರ ದಿ ಬರ್ಡ್ಸ್ ಚಿತ್ರದಲ್ಲಿ ನಿರ್ದೇಶಕ ಹಿಚ್‌ಕಾಕ್ ಮಾಮೂಲಿ ಹಿನ್ನೆಲೆ ಸಂಗೀತವನ್ನೇ ಬಿಟ್ಟು, ಹಕ್ಕಿಗಳ ಕೂಗನ್ನು ಎಲೆಕ್ಟ್ರಾನಿಕ್ ವಾದ್ಯದಲ್ಲಿ ಹುಟ್ಟಿಸಿ ಹೆದರಿಸಿದ. ಆದರೆ ಮೂರು ವರ್ಷ ಮುಂಚೆ ಸೈಕೋದಲ್ಲಿ ಇದೇ ಮನುಷ್ಯ ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದ, ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೀ ತಂತಿವಾದ್ಯಗಳಲ್ಲಿ ಆ ಚೀರುವ ಸಂಗೀತ ಬರೆದು ಕೇಳಿಸಿದ, ಹಿಚ್‌ಕಾಕ್ ಒಪ್ಪಿಕೊಂಡ. ಈಗ ಆ ಪಿಟೀಲು ಇಲ್ಲದೆ ಆ ದೃಶ್ಯವನ್ನು ಯಾರಿಗೂ ಊಹಿಸಿಕೊಳ್ಳಲು ಆಗುವುದಿಲ್ಲ.

ಹಿಚ್‌ಕಾಕ್‌ದೇ ಇನ್ನೊಂದು ಕಥೆ ಚಿತ್ರರಂಗದಲ್ಲಿ ಓಡಾಡುತ್ತದೆ. 1944ರ ಲೈಫ್‌ಬೋಟ್ ಪೂರ್ತಿ ಸಮುದ್ರದ ನಡುವೆ ಒಂದು ದೋಣಿಯಲ್ಲಿ ನಡೆಯುತ್ತದೆ. ನಡುಸಮುದ್ರದಲ್ಲಿ ಸಂಗೀತ ಎಲ್ಲಿಂದ ಬರುತ್ತದೆ ಅಂತ ಅವನು ಕೇಳಿದನಂತೆ. ಅದು ಸಂಗೀತಗಾರ ಡೇವಿಡ್ ರಾಕ್ಸಿನ್ ಕಿವಿಗೆ ಬಿತ್ತು. ಕ್ಯಾಮೆರಾ ಎಲ್ಲಿಂದ ಬಂತು ಅಂತ ಅವರು ಹೇಳಲಿ, ಸಂಗೀತ ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ ಅಂದನಂತೆ ಅವನು.

ಇದನ್ನು ಓದಿದ ದಿನ ನನಗೆ ಖುಷಿಯೋ ಖುಷಿ. ಮಾವನಿಗೆ ಕೊಡಲು ಉತ್ತರ ಸಿಕ್ಕಿತಲ್ಲ! ಓಡಿ ಹೋಗಿ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡು, "ಆತು, ಪಿಟೀಲು ಇರ್ಲಿ. ನಾ ಬ್ಯಾಡ ಅಂದೆನೇನು? ಅವ್ನಿಗೆ ಏನು ಕೇಳ್ತೈತಿ ಅಂತ ಕೇಳಿದ್ದೆ" ಅಂದರು.

ಅಲ್ಲಿಗೆ ಬಂತು ನೋಡಿ. ನಮ್ಮ ತಪ್ಪು ಪಿಟೀಲು ಹಾಕಿದ್ದಲ್ಲ. ಪಿಟೀಲು ಹಾಕಿ ಉಳಿದದ್ದನ್ನು ಖಾಲಿ ಬಿಟ್ಟದ್ದು. ನಮ್ಮಲ್ಲಿ ಈಗ ಬರುವ ದೊಡ್ಡ ಚಿತ್ರಗಳಲ್ಲೂ ನನಗೆ ಇದೇ ಬೇಸರ, ಹೀರೋ ಕಾಲು ಎತ್ತಿ ನೆಲಕ್ಕೆ ಇಡುವಷ್ಟರಲ್ಲಿ ನೂರು ಡ್ರಮ್ಮು, ಅವನ ಕಾಲಡಿ ಮಣ್ಣಿದೆಯೋ ಕಲ್ಲಿದೆಯೋ ಗೊತ್ತೇ ಆಗುವುದಿಲ್ಲ. ಊರಿನ ಸದ್ದು ಸತ್ತರೆ ಊರೇ ಸೆಟ್ ಹಾಕಿದ ಹಾಗೆ ಕಾಣುತ್ತದೆ, ನಿಜವಾದ ಊರಲ್ಲೇ ತೆಗೆದಿದ್ದರೂ.

ಸರಿ, ಪಿಟೀಲು ತೆಗೆದೆವು. ಒಳಸದ್ದು ಬೇಕಲ್ಲ? ಒಂದು ಸೌಂಡ್ ಲೈಬ್ರರಿಯಿಂದ ಗಾಳಿ ತಂದೆವು, ಹಕ್ಕಿ ತಂದೆವು. ಹಕ್ಕಿ ಕೇಳಿದರೆ ಮಲೆನಾಡಿನ ಕಾಡಿನ ಹಾಗೆ ಇತ್ತು, ಬಿಟ್ಟೆವು. ನಮ್ಮ ಹುಡುಗರಲ್ಲಿ ಒಬ್ಬ ಬೇರೆ ಯಾವುದೋ ದಿನ ಹೊಲದಲ್ಲಿ ಹಿಡಿದಿದ್ದ ಪಂಪ್‌ಸೆಟ್ ಮೋಟರಿನ ಸದ್ದು ಇತ್ತು, ದೂರದಿಂದ ಬರುವ ಗೊರ್ರ್, ಒಂದೇ ಸಮ. ಹಳ್ಳಿ ಅಂದರೆ ಮೋಟರ್ ಇರಲೇಬೇಕು ಅಂತ ಗಾಳಿಯ ಕೆಳಗೆ ಮೆಲ್ಲಗೆ ಹಾಕಿದೆವು. ಚೆನ್ನಾಗಿ ಕೂತಿತು. ದೃಶ್ಯಕ್ಕೆ ಒಂದು ಉದ್ದ ಅಗಲ ಬಂತು, ಫ್ರೇಮಿನ ಆಚೆಗೂ ಹೊಲ ಇದೆ ಅನಿಸಿತು.

ಮಾವನಿಗೆ ತೋರಿಸಿದೆವು. ಅವರು ನಡುವೆಯೇ ನಿಲ್ಲಿಸು ಅಂದರು.

"ಕಾಲುವಿಗೆ ನೀರ ಬಂದಿಲ್ಲಂತ ಕುಂತಾನ. ಮತ್ತ ಈ ಮೋಟರು ಏನ್ ಗಾಳಿ ಎಳೀತೈತೇನಲೇ?"

ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಪಿಟೀಲಿಗೆ ಇಂಥ ಪ್ರಶ್ನೆ ಬರುವುದಿಲ್ಲ. ಪಿಟೀಲು ಯಾವ ಹೊಲದಲ್ಲಿ ಬೇಕಾದರೂ ನುಡಿಯಬಹುದು, ಅದಕ್ಕೆ ಕರೆಂಟ್ ಬೇಡ, ನೀರು ಬೇಡ. ಒಳಸದ್ದು ಹಾಗಲ್ಲ. ಒಳಗೆ ಬಂದ ಸದ್ದಿಗೆ ಒಬ್ಬ ಯಜಮಾನ ಇರಬೇಕು, ಒಂದು ಜಾಗ ಇರಬೇಕು, ಅದು ಯಾಕೆ ಆಗುತ್ತಿದೆ ಅನ್ನೋದಕ್ಕೆ ಕಾರಣ ಇರಬೇಕು.

ಮೋಟರ್ ತೆಗೆಯೋಣ ಅಂತ ಕೂತವರು ಸುಮಾರು ಹೊತ್ತು ಸುಮ್ನೆ ಇದ್ದೆವು. ಆಮೇಲೆ ಕ್ಯಾಮೆರಾ ಹಿಡಿದಿದ್ದ ಹುಡುಗ, ಅವನದೂ ಕೊನೆ ಭಾಗದ ಹೊಲವೇ, "ಮೇಲಿನ ಕಡೆ ಯಾರೋ ಕಾಲುವೆಗೆ ಮೋಟರ್ ಇಟ್ಟಿರ್ತಾರಲ್ಲ" ಅಂದ.

ಮಾರನೇ ದಿನ ಹೋಗಿ ಒಂದೇ ಒಂದು ಶಾಟ್ ಮತ್ತೆ ತೆಗೆದೆವು. ರೈತ ಒಡ್ಡಿನ ಮೇಲೆ ಕೂತಿದ್ದಾನೆ. ಬೀಡಿ ಹಚ್ಚುತ್ತಾನೆ. ಕಡ್ಡಿ ಆರಿಸುವ ಕೈ ಅರ್ಧಕ್ಕೇ ನಿಲ್ಲುತ್ತದೆ, ತಲೆ ಮೆಲ್ಲಗೆ ಎಡಕ್ಕೆ, ಕಾಲುವೆಯ ಮೇಲಿನ ಕಡೆಗೆ ತಿರುಗುತ್ತದೆ. ಅಷ್ಟೇ. ಎಡಿಟಿಂಗಿನಲ್ಲಿ ಮೋಟರಿನ ಸದ್ದನ್ನು ಅವನು ತಿರುಗುವುದಕ್ಕಿಂತ ಒಂದೂವರೆ ಸೆಕೆಂಡ್ ಮುಂಚೆ ಶುರು ಮಾಡಿದೆವು, ಮೊದಲು ಗಾಳಿಯಲ್ಲಿ ಅದು ಇದೆಯೋ ಇಲ್ಲವೋ ಅನ್ನುವಷ್ಟು.

ಮಾವ ಮೂರನೇ ಸಲ ನೋಡಿದರು. ಚಿತ್ರ ಮುಗಿದ ಮೇಲೂ ಪರದೆ ಕಡೆಯೇ ನೋಡುತ್ತಿದ್ದವರು, "ಯಾರದಪಾ ಆ ಮೋಟರು?" ಅಂತ ಕೇಳಿದರು.